ಕೊಟ್ಟಾಗ ಇದ್ದ ಹಾಗೆ

ಗಾಲಿಕುರ್ಚಿಗೆ ಹನ್ನೆರಡು ಸಾವಿರ. ಅದರ ಬೆನ್ನಿಗೆ ‘ವರ್ತಕರ ಸಂಘದ ಕೊಡುಗೆ’ ಎಂದು ಕೆತ್ತಿಸಿ ಜಡಿದ ಹಿತ್ತಾಳೆ ಫಲಕಕ್ಕೆ ಎರಡು ಸಾವಿರ. ಕುರ್ಚಿಯನ್ನು ಆಸ್ಪತ್ರೆಗೆ ಒಪ್ಪಿಸಿದ ದಿನದ ಹೂಗುಚ್ಛ, ಫೋಟೊ, ಭಾಷಣ ಕೇಳಿ ದಣಿದವರ ಊಟ ಎಲ್ಲ ಸೇರಿ ಮೂವತ್ತು ಸಾವಿರ. ಆ ಕುರ್ಚಿ ಒಬ್ಬ ಮನುಷ್ಯನ ಕೆಲಸಕ್ಕೆ ಬರುವಂತೆ ಮಾಡಲು ತಗಲಿದ್ದು ಮಾತ್ರ ಮುರಿದ ಮಂಚದ ಒಂದು ಕಾಲು ಮತ್ತು ಆರು ಅಂಗಿಗಳ ಬಿಟ್ಟಿ ಇಸ್ತ್ರಿ.

ಆ ಮನುಷ್ಯ ಇಸ್ತ್ರಿ ಕೆಲಸದವನು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ, ಸರ್ಕಾರಿ ಪುನರ್ವಸತಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ, ಕೂರುವುದನ್ನು ಮಗುವಿನ ಹಾಗೆ ಮತ್ತೆ ಕಲಿತಿದ್ದ. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಸಂಘದ ಕುರ್ಚಿಯನ್ನು ಕಡವಾಗಿ ಕೊಟ್ಟರು. ಆಸ್ಪತ್ರೆಯ ಗೇಟಿನ ಪಕ್ಕ ಕಾಂಪೌಂಡಿಗೆ ಕಟ್ಟಿದ ಕಲ್ಲುಚಪ್ಪಡಿಯೇ ಅವನ ಇಸ್ತ್ರಿ ಮೇಜು. ಕುರ್ಚಿಯಲ್ಲಿ ಕೂತರೆ ಅದು ಗಲ್ಲಕ್ಕೆ ಬರುತ್ತಿತ್ತು. ಚಪ್ಪಡಿ ತಗ್ಗಿಸೋಣವೆಂದರೆ ಕಾಂಪೌಂಡು ಬೇರೆ ಇಲಾಖೆಯದು. ಕೊನೆಗೆ ಕೃತಕ ಕಾಲು ತಯಾರಿಸುವ ಶೆಡ್ಡಿನ ಮೇಸ್ತ್ರಿಯೇ ಮಂಚದ ಕಾಲನ್ನು ತುಂಡು ಮಾಡಿ, ಸೀಟಿನ ಕೆಳಗೆ ಕೊಟ್ಟು ಎತ್ತರಿಸಿ, ಕೈ ಆಡಲೆಂದು ಬಲಗಡೆಯ ಕೈಯಾಸರೆ ಬಿಚ್ಚಿಕೊಟ್ಟ; ಕೂಲಿಗೆ ಬದಲು ತನ್ನ ಆರು ಅಂಗಿಗಳಿಗೆ ಇಸ್ತ್ರಿ ಹಾಕಿಸಿಕೊಂಡ. ಅಂದಿನಿಂದ ಡಾಕ್ಟರರ ಕೋಟುಗಳೆಲ್ಲ ಅವನ ಕೈಯಿಂದಲೇ ಗರಿಗರಿಯಾಗಿ ಹೋಗುತ್ತಿದ್ದವು. ಆಸ್ಪತ್ರೆಯ ಬಾಗಿಲಲ್ಲಿ ಅವನ ದೊಡ್ಡ ಫೋಟೊ ಏರಿತು. ಕೆಳಗೆ, ‘ಸಮುದಾಯ ಸಹಭಾಗಿತ್ವದ ಫಲ.’ ಮೇಸ್ತ್ರಿಯ ಹೆಸರಾಗಲಿ ಮಂಚದ ಕಾಲಿನ ಹೆಸರಾಗಲಿ ಅಲ್ಲಿರಲಿಲ್ಲ.

ಬಟ್ಟೆ ತರುವುದು, ಮುಟ್ಟಿಸುವುದು ಹೆಂಡತಿಯ ಪಾಲು. ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು.

ಒಂದು ದಿನ ಸ್ಟೋರ್ ಕೀಪರ್ ಮುಖ ಸಪ್ಪೆ ಮಾಡಿಕೊಂಡು ಗೇಟಿಗೆ ಬಂದ. ಆಡಿಟ್ ಮೇಡಂ ಬರುತ್ತಿದ್ದಾರೆ, ದಾನ ಬಂದ ಸಾಮಾನೆಲ್ಲ ಕೊಟ್ಟಾಗ ಇದ್ದ ಹಾಗೆಯೇ ತೋರಿಸಬೇಕು, ಒಂದು ಸ್ಕ್ರೂ ಹೆಚ್ಚುಕಡಿಮೆಯಾದರೂ ತನ್ನ ಸಂಬಳಕ್ಕೆ ಕತ್ತರಿ ಎಂದ. ಮೇಸ್ತ್ರಿ ಬಂದು, ಇಸ್ತ್ರಿಯವನ ಮುಖ ನೋಡಲಾರದೆ ಮರದ ತುಂಡು ತೆಗೆದ, ಕೈಯಾಸರೆ ಹಾಕಿದ. ಕುರ್ಚಿ ಹೊಸದಾಯಿತು, ಇಸ್ತ್ರಿಯವನು ಮತ್ತೆ ರೋಗಿಯಾದ. ಮೇಡಂ ಒಪ್ಪಿಕೊಂಡ ಮೇಲೆ ಮತ್ತೆ ಎತ್ತರಿಸಿದರಾಯಿತಲ್ಲ ಎಂದು ಅಕ್ಕ ಕೇಳಿದ್ದಕ್ಕೆ ಸ್ಟೋರ್ ಕೀಪರ್ ಕೈ ಮುಗಿದ. ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ತಪಾಸಣೆಯಂತೆ.

ಆ ಸಂಜೆಯೇ ಮೂವತ್ತು ಬಿಳಿ ಕೋಟುಗಳು ಬಂದವು. ಮರುದಿನ ಆಡಿಟ್, ಸಂಘದವರು ಬೇರೆ ಬರುತ್ತಾರೆ, ಫೋಟೊ ಇದೆ, ಮಡಿಕೆ ಚೆನ್ನಾಗಿರಲಿ ಎಂದು ಹೇಳಿಕಳಿಸಿದ್ದರು. ಇಸ್ತ್ರಿ ಹಾಕುವವನ ಕುರ್ಚಿಯನ್ನು ಇಳಿಸಿದರೆ ಇಸ್ತ್ರಿ ನಿಲ್ಲುತ್ತದೆಂದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ನೀನೇ ಹಾಕಿಬಿಡು,” ಎಂದ ಗಂಡ. “ನಿನಗೆ ಬರದೇ ಇರೋದಾ?”

“ಬರತ್ತೆ ರೀ,” ಎಂದಳು. “ಇವತ್ತೊಂದಿನ ಬರಲ್ಲ, ಅಷ್ಟೇ.”

ನೆರೆಮನೆಯವರ ಬಟ್ಟೆಗಳನ್ನು ಮನೆಯ ನೆಲದ ಮೇಲೆ ಕಂಬಳಿ ಹಾಸಿ ತಾನೇ ಮುಗಿಸಿದಳು. ಕೋಟುಗಳ ಗಂಟನ್ನು ಮಾತ್ರ ಬಿಚ್ಚದೆ ಬೆಳಿಗ್ಗೆ ವಾಪಸು ಮುಟ್ಟಿಸಿದಳು.

ಹೀಗಾಗಿ ವ್ಯಾಯಾಮದ ಹಾಲಿನಲ್ಲಿ ಗಾಲಿಕುರ್ಚಿಗಳು ಫಳಫಳ ಹೊಳೆಯುತ್ತ ಸಾಲಾಗಿ ನಿಂತವು. ಅವುಗಳ ಹಿಂದೆ ಡಾಕ್ಟರರು, ಹಾಸಿಗೆಯಿಂದ ಈಗಷ್ಟೇ ಎದ್ದು ಬಂದವರ ಹಾಗೆ, ಮುದುರಿದ ಕೋಟುಗಳಲ್ಲಿ ನಿಂತರು. ಸಂಘದ ಅಧ್ಯಕ್ಷರು ಹರಳೆಣ್ಣೆ ಕುಡಿದ ಮುಖ ಮಾಡಿದರು. ಸೂಪರಿಂಟೆಂಡೆಂಟರು ಅಕ್ಕನನ್ನು ಕರೆಸಿ, ಇಷ್ಟು ಸಹಾಯ ಪಡೆದೂ ಇದೇನು ಹೀಗೆ ಎಂದು ಎಲ್ಲರೆದುರು ದಬಾಯಿಸಿದರು.

ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು, “ಕುರ್ಚಿ ಕೊಟ್ಟಾಗ ಇದ್ದ ಹಾಗೇ ಇದೆ ಸಾರ್. ನಮ್ಮನೆಯವರೂ ಹಾಗೇ ಇದಾರೆ. ಕುರ್ಚಿ ಕೊಟ್ಟ ದಿನ ಅವರು ಸುಮ್ನೆ ಕೂತಿದ್ರಲ್ಲ, ಈಗ್ಲೂ ಸುಮ್ನೆ ಕೂತಿದಾರೆ.”

ಆಡಿಟ್ ಮೇಡಂ ಕನ್ನಡಕ ಮೇಲೇರಿಸಿ ವಿವರ ಕೇಳಿದರು. ಕೇಳಿದ ಮೇಲೆ ಅವರ ಕಷ್ಟ ಶುರುವಾಯಿತು. ಕುರ್ಚಿ ಹೀಗೇ ಇದ್ದರೆ ರೋಗಿ ಕೆಲಸಕ್ಕೆ ಮರಳಿದ ಎಂಬ ವರದಿ ಸುಳ್ಳು. ಎತ್ತರಿಸಿದರೆ ಸಾರ್ವಜನಿಕ ಆಸ್ತಿಗೆ ಹಾನಿ. ಕುರ್ಚಿಯನ್ನು ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸುವುದಕ್ಕೆ ನಿಯಮವಿರಲಿಲ್ಲ, ಗುಜರಿಗೆ ಹಾಕುವುದಕ್ಕೆ ಇತ್ತು. ಹಾನಿಯಾದ ಸಾಮಾನನ್ನು ತೂಕಕ್ಕೆ ಯಾರಿಗೆ ಬೇಕಾದರೂ ಮಾರಬಹುದು.

“ಆದರೆ ಇದು ಚೆನ್ನಾಗೇ ಇದೆಯಲ್ಲ,” ಎಂದರು ಮೇಡಂ, ಬೇಸರದಿಂದ.

ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು. “ಅಣ್ಣಾ, ಸ್ವಲ್ಪ ಹಾಳು ಮಾಡಿಕೊಡ್ತೀಯಾ?”

ಮೇಸ್ತ್ರಿ ಸೂಪರಿಂಟೆಂಡೆಂಟರನ್ನು ನೋಡಿದ. ಅವರು ಕಿಟಕಿಯಾಚೆ ನೋಡಿದರು. ಅದು ಅಪ್ಪಣೆಯೇ ಎಂದುಕೊಂಡು ಸ್ಪ್ಯಾನರ್ ತಂದ. ನೆರೆದವರೆಲ್ಲ ಸುತ್ತ ನಿಂತಿರುವಾಗಲೇ ಬಲಗಡೆಯ ಕೈಯಾಸರೆ ಬಿಚ್ಚಿದ, ಮಂಚದ ಕಾಲಿನ ತುಂಡುಗಳನ್ನು ಮೊದಲಿನ ಜಾಗಕ್ಕೇ ಬಿಗಿದ, ಅಲುಗಾಡಿಸಿ ಗಟ್ಟಿಯಾಗಿದೆಯೇ ಎಂದು ನೋಡಿದ. ಇಷ್ಟು ಅಚ್ಚುಕಟ್ಟಾಗಿ ಯಾವ ಸಾಮಾನೂ ಆ ಆಸ್ಪತ್ರೆಯಲ್ಲಿ ಹಾಳಾಗಿರಲಿಲ್ಲ. ‘ದುರಸ್ತಿಗೆ ಮೀರಿದ ಹಾನಿ’ ಎಂದು ಬರೆದು ಮೇಡಂ ಸಹಿ ಹಾಕಿದರು.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರು. ಕಬ್ಬಿಣದ ಬೆಲೆಗೆ ಅಕ್ಕ ಕೊಡಬೇಕಾದದ್ದು ನಾನೂರ ಎಂಬತ್ತು. ಮಂಚದ ಕಾಲು ಆಸ್ಪತ್ರೆಯ ಆಸ್ತಿ ಎಂದು ನೆನಪಾಗಿ ಸ್ಟೋರ್ ಕೀಪರ್ ಅದಕ್ಕೆ ಇಪ್ಪತ್ತು ಸೇರಿಸಿದ. ಹಿತ್ತಾಳೆಯ ದರವೇ ಬೇರೆ ಎಂದಾಗ ಅಕ್ಕ ಫಲಕ ಬಿಚ್ಚಿಕೊಡಿ ಎಂದಳು. ಅಧ್ಯಕ್ಷರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೋದರು.

ಸಂಘದ ಕುರ್ಚಿಯಲ್ಲವೆಂದ ಮೇಲೆ ಬಾಗಿಲಲ್ಲಿದ್ದ ಫೋಟೊ ಇಳಿಯಿತು. ಕೆಲಸಕ್ಕೆ ಮರಳಿದವರ ಪಟ್ಟಿಯಲ್ಲಿ ಒಬ್ಬ ಕಡಿಮೆಯಾದ. ಆ ಒಬ್ಬ ಗೇಟಿನ ಬಳಿ ಕೂತು, ಪಟ್ಟಿ ಮಾಡಿದವರ ಕೋಟಿನ ಕಾಲರನ್ನು ಒತ್ತುತ್ತಿದ್ದ. ಕೋಟೊಂದಕ್ಕೆ ಅಕ್ಕ ಒಂದು ರೂಪಾಯಿ ಹೆಚ್ಚಿಸಿದ್ದಳು.

ಐನೂರು ಹೋಯಿತು, ಕುರ್ಚಿ ಸ್ವಂತದ್ದಾಯಿತು. ಆಸ್ಪತ್ರೆಯ ಶೆಡ್ಡಿನಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದ ರಿಪೇರಿ ಇನ್ನಿಲ್ಲ. ಟಯರು ಸವೆದರೆ ಅದರ ಖರ್ಚು ಅವರದೇ.