ಎರೆಮಣ್ಣಿನ ಟೈಪರೈಟರ್

ಬ್ರಿಟಿಷರ ರಾಜ್ಯ ಇನ್ನೂ ಇದ್ದ ಕಾಲ. ಘಟಪ್ರಭಾದ ಹೆಣ್ಣುಮಕ್ಕಳ ಸಾಲೆಗೆ ಟೈಪರೈಟರ್ ಬಂದಾಗ ಹೆಡ್‌ಮಾಸ್ತರ ಶೆಟ್ಟೆಪ್ಪ ಹಣೆ ಹಣೆ ಚಚ್ಚಿಕೊಂಡರು.

"ನಾಕನೇ ಇಯತ್ತೆ ಹುಡುಗ್ಯಾರಿಗೆ ಇದ್ಯಾಕ್ರಿ ಅಕ್ಕೋರ? ರೊಟ್ಟಿ ಬಡಿಯೋ ಕೈ ಇವು!"

"ರೊಟ್ಟಿ ಬಡಿಯೋ ಕೈಗೆ ತಾಳ ಗೊತ್ತಿರ್ತೈತ್ರಿ ಮಾಸ್ತರ," ಎಂದರು ಅಕ್ಕವ್ವ ಟೀಚರು.

ಅಕ್ಕವ್ವ ಸುಮ್ಮನೆ ಸೋಲೊಪ್ಪುವವರಲ್ಲ. ಹರೆಯದಲ್ಲಿ ಬೆಳಗಾವಿಯಲ್ಲಿ ಟೈಪಿಂಗ್ ಪರೀಕ್ಷೆ ಪಾಸಾಗಿ ಕಚೇರಿ ಕಚೇರಿ ಅಲೆದಿದ್ದರು. ಹೆಂಗಸಿಗೆ ಇಲ್ಲಿ ಕುರ್ಚಿಯಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿ ಸಾಲೆ ಸೇರಿದ್ದರು. ಆ ಸಂಕಟ ಒಳಗೇ ಕುದಿಯುತ್ತಿತ್ತು. ಈಗ ಸಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರನ್ನು ಕಾಡಿ ಬೇಡಿ ಅವರ ಕಚೇರಿಯ ಹಳೆಯ ಯಂತ್ರ ತರಿಸಿದ್ದರು. ಸಾಹೇಬರದು ಒಂದೇ ಷರತ್ತು: ದಸರೆ ಮುಗಿದ ಮೇಲೆ ಬಂದು ನೋಡುತ್ತೇನೆ, ಮಕ್ಕಳು ಕಲಿತಿರದಿದ್ದರೆ ಯಂತ್ರ ವಾಪಸು.

ಯಂತ್ರ ಒಂದು, ಹುಡುಗಿಯರು ಒಂದು ಹಿಂಡು. ಆಗಷ್ಟೇ ಮಣ್ಣೆತ್ತಿನ ಅಮಾವಾಸ್ಯೆ ಕಳೆದಿತ್ತು. ಎತ್ತು ಮಾಡಿ ಉಳಿದ ಎರೆಮಣ್ಣನ್ನೇ ನಾದಿಸಿ, ಸಣ್ಣ ಉಂಡೆ ಮಾಡಿಸಿ, ಯಂತ್ರದ ಗುಂಡಿಗಳಿದ್ದ ಹಾಗೆಯೇ ಒಬ್ಬೊಬ್ಬಳ ಹಲಗೆಯ ಮೇಲೂ ಅಂಟಿಸಿದರು. ಅಕ್ಕವ್ವ ಇಂಗ್ಲಿಷ್ ಅಕ್ಷರ ಕೂಗುವುದು, ಹುಡುಗಿಯರು ಒತ್ತುವುದು. ಕೆಳಗೆ ನೋಡಿದವಳ ಕಿವಿ ಕೆಂಪಗಾಗುತ್ತಿತ್ತು. ಕೈ ಪಳಗಿದವರಿಗೆ ಮಾತ್ರ ನಿಜವಾದ ಯಂತ್ರ.

ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಹುಡುಗಿಯರು ಮನೆಯಲ್ಲಿ ಕುಡಗೋಲು, ಕುಂಟೆ ಪೂಜಿಸಿ ಸಾಲೆಗೂ ಓಡಿಬಂದರು. ಬಾಳು ಬೆಳಗುವ ಯಂತ್ರವನ್ನು ಬಿಡಲಾದೀತೆ? ಪ್ರತಿ ಗುಂಡಿಗೂ ದಪ್ಪಗೆ ವಿಭೂತಿ, ಅದರ ಮೇಲೆ ಕುಂಕುಮ ಹಚ್ಚಿ ಬಟ್ಟೆ ಮುಚ್ಚಿ ಹೋದರು.

ಹಬ್ಬ ಮುಗಿದು ಸಾಹೇಬರು ಬಂದರು. ಅವರೆದುರಿಗೇ ಅಕ್ಕವ್ವ ಬಟ್ಟೆ ಸರಿಸಿದರೆ ಒಂದಕ್ಷರವೂ ಕಾಣದು!

"ಹೋತು ಮಾನ! ಲಗೂನ ಒರಸ್ರಿ," ಎಂದು ಶೆಟ್ಟೆಪ್ಪ ತಮ್ಮ ಧೋತರದ ಚುಂಗನ್ನೇ ಹಿಡಿದು ಮುಂದಾದರು.

ಗಿಡ್ಡ ಹುಡುಗಿ ಸಾತವ್ವ ಅಡ್ಡ ನಿಂತಳು. "ಪೂಜಿ ಮಾಡಿದ್ದ ಒರಸಬ್ಯಾಡ್ರಿ ಮಾಸ್ತರ. ನಮ್ಮ ಮಣ್ಣಿನ ಹಲಗಿ ಮ್ಯಾಲ ಅಕ್ಷರ ಎಲ್ಲಿ ಅದಾವ್ರಿ?"

ಸಾಹೇಬರು ನಕ್ಕು ಕುರ್ಚಿ ತೋರಿಸಿದರು. ಗೋಕಾಕ, ಮೂಡಲಗಿ, ಹುಕ್ಕೇರಿ. ಮೂರೂ ಊರುಗಳ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳತೊಡಗಿದರು. ಸಾತವ್ವ ಸಾಹೇಬರ ಮುಖವನ್ನೇ ನೋಡುತ್ತಿದ್ದಳು, ಬೆರಳು ತಮ್ಮ ಪಾಡಿಗೆ ಓಡುತ್ತಿದ್ದವು. ಹೊರಬಂದ ಕಾಗದದ ಅಂಚಿಗೆ ಕುಂಕುಮ ಹತ್ತಿತ್ತು, ಅಕ್ಷರ ಮಾತ್ರ ಒಂದೂ ತಪ್ಪಿರಲಿಲ್ಲ.

"ಯಂತ್ರ ಇಲ್ಲೇ ಇರ್ಲಿ," ಎಂದರು ಸಾಹೇಬರು.

ತಮಗೆ ಯಾರೂ ಕೊಡದ ಕುರ್ಚಿಯಲ್ಲಿ ಈ ಪೋರಿ ಕಾಲು ನೆಲಕ್ಕೆ ಎಟುಕದೆ ಕೂತಿದ್ದನ್ನು ಕಂಡು ಅಕ್ಕವ್ವನವರ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ಶೆಟ್ಟೆಪ್ಪ ಹಲಗೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಉದ್ದವ್ವ, ಅವಳ ಮುಷ್ಟಿಯಲ್ಲಿ ಹಸಿ ಎರೆಮಣ್ಣು.

"ರೊಟ್ಟಿ ಬಡಿಯೋ ಕೈ ಅಲ್ಲೇನ್ರಿ ಮಾಸ್ತರ?" ಎಂದರು ಅಕ್ಕವ್ವ.

"ಅದಕ್ಕ ಕರಕೊಂಡ ಬಂದೇನ್ರಿ ಅಕ್ಕೋರ."