ರೊಟ್ಟಿ ತಡೆದ ಭಾನುವಾರ

ಮಗ ಜಗದೀಶ ಹೆಂಡತಿಯನ್ನು ಹೊಡೆಯುತ್ತಾನೆಂಬುದು ಅಕ್ಕಮ್ಮನಿಗೆ ಗೊತ್ತಿತ್ತು. ಬೀದರ ಕಡೆಯವರು. ಮಗನ ಬ್ಯಾಂಕಿನ ವರ್ಗಾವಣೆಯಿಂದ ಮೊದಲು ವಿಜಯವಾಡ, ಈಗ ವಿಶಾಖಪಟ್ಟಣ. ವಿಜಯವಾಡದ ಕ್ರೈಸ್ತ ಸಭೆಯಲ್ಲಿ ಬೋಧಕ ಸಾಯಿಕಿರಣ್, "ನೀವು ಹೇಗಿದ್ದರೂ ದೇವರಿಗೆ ಮುದ್ದು, ಯಾವುದಕ್ಕೂ ಕೊರಗಬೇಡಿ" ಎನ್ನುತ್ತಿದ್ದ. ಆ ಮಾತು ಅಕ್ಕಮ್ಮನ ಕಿವಿಗೆ ಜೇನು. ಸೊಸೆ ವರ್ಷಾಳ ಕೆನ್ನೆ ಊದಿದ ದಿನವೂ ಫೋನಿನಲ್ಲಿ ಅವನ ಪ್ರಸಂಗ ಹಾಕಿಕೊಂಡೇ ಕೂತಿದ್ದಳು.

ವಿಶಾಖಪಟ್ಟಣದ ಮಧುರವಾಡದಲ್ಲಿ ಕನ್ನಡದ ಕ್ರೈಸ್ತರು ಭಾನುವಾರ ಒಂದು ಫ್ಲ್ಯಾಟಿನಲ್ಲಿ ಕೂಡುತ್ತಿದ್ದರು. ನಡೆಸುತ್ತಿದ್ದವರು ನಿವೃತ್ತ ಪಾಸ್ಟರ್ ಇಂದುಧರ. ಪಾಪವನ್ನು ಪಾಪವೆಂದೇ ಕರೆಯುವ ಮುದುಕರು. ಅದಕ್ಕೇ ಜನಕ್ಕೆ ಅವರೆಂದರೆ ಅಷ್ಟಕ್ಕಷ್ಟೆ.

ಆ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ದಿನ. ವರ್ಷಾಳ ಮುಂಗೈಗೆ ಪ್ಲಾಸ್ಟರ್ ಇತ್ತು. ರೊಟ್ಟಿಯ ತಟ್ಟೆ ಹಿಡಿದ ಇಂದುಧರ ಜಗದೀಶನ ಮುಂದೆ ನಿಂತರು.

"ಈಕಿ ಕೈ ಮುರದಾವ್ರು ಯಾರು?"

"ಬಚ್ಚಲದಾಗ ಬಿದ್ದಾಳ."

"ಹೋದ ಸರ್ತಿನೂ ಹಂಗೇ ಅಂದಿ. ಪಶ್ಚಾತ್ತಾಪ ಪಡು. ಅಲ್ಲೀತನಕ ಈ ರೊಟ್ಟಿ ನಿನಗಿಲ್ಲ."

ಜಗದೀಶನ ಮೊದಲ ಗುದ್ದಿಗೆ ಮುದುಕರ ಕನ್ನಡಕ ಒಡೆಯಿತು, ಎರಡನೆಯದಕ್ಕೆ ದವಡೆ. ಚೆಲ್ಲಿದ ರೊಟ್ಟಿಯ ಚೂರುಗಳ ಮೇಲೆ ರಕ್ತ ಸಿಡಿಯಿತು. ಬಿದ್ದವರ ಪಕ್ಕೆಗೆ ಒದ್ದ. ಬಿಡಿಸಲು ಬಂದ ವರ್ಷಾಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ನಾಲ್ಕು ಜನ ಅವನನ್ನು ಅಮುಕಿ ಹಿಡಿಯುವಷ್ಟರಲ್ಲಿ ಅವಳ ಹಣೆ ಸೀಳಿತ್ತು.

ಆಗ ನೌಕಾಪಡೆಯವರ ಮನೆಯ ಸೂರ್ಯಕಾಂತಮ್ಮ ಅಂದಳು: "ಪಾಸ್ಟರ್‌ಗಾರು ಯಾಕೆ ಕೆದಕಬೇಕಿತ್ತು? ಮುಂದಿನ ವಾರ ಸಾಯಿಕಿರಣ್ ಅವ್ರನ್ನ ಕರೆಸೋಣ. ಮನಸ್ಸಿಗೆ ಹಾಯಾಗಿ ಹೇಳ್ತಾರೆ."

ಹಲವರು ತಲೆಯಾಡಿಸಿದರು. ನೆಲದ ಮೇಲೆ ಮುದುಕರು ಹಲ್ಲು ಉಗುಳುತ್ತಿದ್ದರು. ತಾನು ಇಷ್ಟು ದಿನ ಬಯಸಿದ್ದೂ ಇಂಥ ಹಾಯಾದ ಮಾತನ್ನೇ ಅಲ್ಲವೇ ಎನ್ನಿಸಿ ಅಕ್ಕಮ್ಮ ಎದ್ದು ನಿಂತಳು.

"ಅವ್ವಾ, ಬಿದ್ದಾಳಂತ ಹೇಳು ಇವ್ರಿಗೆ," ಜಗದೀಶ ಕೂಗಿದ.

"ಬಿದ್ದಿಲ್ಲ. ನೀನೇ ಮುರದಿ. ಬಾಗಿಲದಾಗ ನಿಂತು ನಾ ನೋಡೀನಿ."

"ಅವ್ವಾ!"

"ನೋಡಿ ಸುಮ್ಮನಿದ್ದೆ."

ಪೊಲೀಸರ ಮುಂದೆಯೂ ಅವಳು ಅದನ್ನೇ ಹೇಳಿದಳು. ಮಗನನ್ನು ಒಯ್ದರು.

ಮುಂದಿನ ಭಾನುವಾರ ಸಾಯಿಕಿರಣ್ ಬಂದ. ಫ್ಲ್ಯಾಟಿನಲ್ಲಿ ಕೂರಲು ಜಾಗವಿರಲಿಲ್ಲವಂತೆ. ಅತ್ತೆ ಸೊಸೆ ಆಸ್ಪತ್ರೆಯಲ್ಲಿದ್ದರು. ದವಡೆಗೆ ತಂತಿ ಬಿಗಿಸಿಕೊಂಡು ಮಲಗಿದ್ದ ಇಂದುಧರರಿಗೆ ಅಕ್ಕಮ್ಮ ಗಂಜಿಯ ತಿಳಿ ಕುಡಿಸುತ್ತಿದ್ದಳು.

"ಅತ್ತಿ, ಸಭಾದವ್ರು ಫೋನ್ ಮಾಡಿದ್ರು," ಎಂದಳು ವರ್ಷಾ. "ನೀವು ಮಾತು ಬದಲಿಸಿದ್ರ ಅವ್ರು ಜೇಲಿನಿಂದ ಲಗೂನ ಹೊರಗ ಬರ್ತಾರಂತ."

"ಬದಲಿಸಂಗಿಲ್ಲ."

ಅವನು ಹೆತ್ತ ಮಗ. ಆದರೂ ಅಕ್ಕಮ್ಮ ಇನ್ನೊಂದು ಚಮಚ ತಿಳಿ ತುಂಬಿ ಮುದುಕರ ತುಟಿಗೆ ಹಿಡಿದಳು.