ಹಿಂದಿನ ಸೀಟು

ಅರ್ಜುನಪ್ಪ ಮೊದಲ ತಂಬಿಗೆ ನೀರನ್ನು ಕಾರಿನ ಚಕ್ರಕ್ಕೇ ಸುರಿದ.

"ಏ ಮಗನ! ಮ್ಯಾಲಿಂದ ಕೆಳಗ! ತಲಿ ಬಿಟ್ಟು ಯಾರರೆ ಮದ್ಲ ಕಾಲು ತೊಳಕೊಂತಾರೇನ?"

ತಂಬಿಗೆ ಕೈಜಾರಿ ಕಲ್ಲಿನ ಮೇಲೆ ಠಣ್ಣೆಂದಿತು. ಅದು ಅಪ್ಪನ ದನಿ. ಮಾತಿನ ಬಾಲಕ್ಕೆ ಅಂಟಿಕೊಂಡ ಒಣಕೆಮ್ಮು ಕೂಡ ಅಪ್ಪನದೇ. ಅಪ್ಪ ಯಮನಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಮಾಳಮಡ್ಡಿಯ ಅಂಚಿನ ಕೇರಿಯಲ್ಲಿ ಅವನನ್ನು ಗೋಡೆಗಾನಿಸಿ ಕೂಡ್ರಿಸಿದ್ದರು.

ತಿರುಗಿದರೆ ವಕೀಲರ ಮನೆಯ ಗೇಟಿನ ಹೊರಗೆ ಹುಚ್ಚಪ್ಪ ಕಾಕಾ. ಯಮನಪ್ಪನ ತಮ್ಮ. ರೈಲಿನ ಗಾರ್ಡು, ತಹಶೀಲ್ದಾರ, ಈಯಲಿಕ್ಕೆ ಬಂದ ಎಮ್ಮೆ, ಯಾರ ದನಿಯನ್ನೂ ಅವನು ಬಿಟ್ಟವನಲ್ಲ. ಅಣ್ಣನ ದನಿಯನ್ನಂತೂ ಅಣ್ಣನಿಗಿಂತ ಚೆನ್ನಾಗಿ ಮಾಡುತ್ತಿದ್ದ. ಕಣ್ಣು ಮಾತ್ರ ಕೆಂಪಗಿದ್ದವು.

"ಕಾಕಾ, ಇವತ್ತರೆ ಬಿಡೋ."

"ನಾ ಬಿಟ್ಟರ ಅಂವ ಬಿಡತಾನೇನು? ಯಮ ತನ್ನ ಹೆಸರಿನವರನ್ನ ಮುಟ್ಟಂಗಿಲ್ಲ ಅಂತಿದ್ದ ನಿಮ್ಮಪ್ಪ. ಮುಟ್ಟಿಬಿಟ್ಟ ನೋಡು. ನಮ್ಮನ್ನ ಮುಟ್ಟಾಕ ಹೇಸಲಾರದಂವ ಅಂದ್ರ ಅಂವ ಒಬ್ಬನ."

ಅರ್ಜುನಪ್ಪನಿಗೆ ನಗು ಬಂತು. ತಂಬಿಗೆ ಎತ್ತಿಕೊಂಡು ಕಾರಿನ ನೆತ್ತಿಗೆ ನೀರು ಸುರಿದ.

*

ಬೆಳಿಗ್ಗೆ ಅವ್ವ ಯಂಕವ್ವ ಅತ್ತಿರಲಿಲ್ಲ. ಗಂಡನ ತಲೆಯ ರುಮಾಲು ನೆಟ್ಟಗೆ ಮಾಡುತ್ತ ಅಂದಿದ್ದಳು:

"ಎಂಟು ವರ್ಷ ಆ ಗಾಡಿ ಮೈ ತಿಕ್ಕಿದ. ಒಂದು ದಿನ ಅದರಾಗ ಕುಂದರಲಿಲ್ಲ. ಮಣ್ಣಿಗರೆ ಅದರಾಗ ಹೋಗಲಿ. ರಾಯರನ್ನ ಹೋಗಿ ಕೇಳು."

ಕಚೇರಿಯಲ್ಲಿ ಕಾರಕೂನನಾದ ಮೇಲೆ ಅರ್ಜುನಪ್ಪ ವಕೀಲ ರಮಾಕಾಂತರಾಯರ ಮನೆಯ ದಾರಿಯನ್ನೇ ಬಿಟ್ಟಿದ್ದ. ಕೇಳುವುದೆಂದರೆ ಅವನಿಗೆ ಚಪ್ಪಲಿ ಕಳಚಿದಂತೆ. ಆದರೂ ಹೋದ. ರಾಯರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಸುದ್ದಿ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಳ್ಳು ಅಳುವಲ್ಲ.

"ಕೂಡ್ರಸೋಣಂತಪಾ. ಡ್ರೈವರ್ ಊರಿಗೆ ಹೋಗ್ಯಾನ, ನಾನ ನಡಸತೇನಿ. ಆದ್ರ ನೋಡು, ಅಂವ ಮಲಗಿದಾಗಿಂದ ಮೂರು ವಾರ ಗಾಡಿಗೆ ಯಾರ ಕೈನೂ ಹತ್ತಿಲ್ಲ. ಇಂಥಾ ಹೊಲಸು ಗಾಡ್ಯಾಗ ಕೂಡ್ರಸಿದ್ರ ಎದ್ದು ಬಂದು ಬೈತಾನ."

"ನಾ ತೊಳಿತೇನ್ರಿ," ಎಂದುಬಿಟ್ಟಿದ್ದ ಅರ್ಜುನಪ್ಪ. ಹಿಂದೆಂದೂ ಅದಕ್ಕೆ ಕೈ ಹಚ್ಚಿದವನಲ್ಲ. 'ನೀ ಪೆನ್ನು ಹಿಡಿ, ಅರಿವಿ ನಾ ಹಿಡಿತೇನಿ' ಎಂದು ಅಪ್ಪ ಹತ್ತಿರ ಬಿಟ್ಟುಕೊಂಡವನೂ ಅಲ್ಲ.

*

ನೀರು ಅರೆಬರೆ ಇಳಿದಿತ್ತು. ಬಾನೆಟ್ಟಿನ ಮೂಲೆಯಲ್ಲಿ ಇನ್ನೂ ಒಣಗಿದ್ದ ಕೆಂಪು ಧೂಳಿನ ಮೇಲೆ ಅರ್ಜುನಪ್ಪ ಬಟ್ಟೆ ಎಳೆಯಹೋದ.

"ಒಣಾ ಧೂಳು ತಿಕ್ಕಬ್ಯಾಡ! ಅದರಾಗ ಉಸುಕು ಇರತೈತಿ, ಗೀರತೈತಿ. ನೀರು ಬಿಡು, ತಾನ ಇಳಿತೈತಿ."

ಹುಚ್ಚಪ್ಪ ಗೇಟು ದಾಟಲಿಲ್ಲ. ಅವನಿಗೆ ದಾಟಿ ರೂಢಿ ಇರಲಿಲ್ಲ. ಸರಳು ಹಿಡಿದುಕೊಂಡು ಅಲ್ಲಿಂದಲೇ ಅಣ್ಣನಾಗಿ ಗದರುತ್ತಿದ್ದ. ಬೇವಿನ ನೆರಳಿಗೆ ಗಾಡಿ ದೂಡಿಸಿದ. ನೆತ್ತಿ, ಗಾಜು, ಬಾನೆಟ್ಟು, ಬಾಗಿಲು, ಹೀಗೆ ಮೇಲಿನಿಂದ ಕೆಳಗೆ ತೊಳೆಸುತ್ತ ಬಂದ. ಅರ್ಜುನಪ್ಪ ಅಪ್ಪನ ಡಬ್ಬದಿಂದ ಕೈಗೆ ಸಿಕ್ಕ ಬಟ್ಟೆಯ ತುಂಡೊಂದನ್ನು ತೆಗೆದು ಬಾಗಿಲಿಗೆ ಹಚ್ಚಿದ.

"ಅದಲ್ಲೋ! ಧೋತರದ ತುಂಡು ಮೈಗೆ, ಸೀರಿ ತುಂಡು ಗಾಲಿಗೆ. ಗಾಲಿಗೆ ಮುಟ್ಟಿಸಿದ್ದನ್ನ ಮೈಗೆ ಮುಟ್ಟಸಬಾರದು."

ಧೋತರ ರಾಯರ ಹಳೆಯದು. ಸೀರೆ ಯಂಕವ್ವನದು.

ಚಕ್ರಗಳ ಕೆಸರು ಕೆರೆದು, ನಡುವಿನ ಹೊಳೆಯುವ ಬಟ್ಟಲುಗಳನ್ನು ಉಜ್ಜಿ, ಕೈ ತೊಳೆದುಕೊಂಡು, ಅರ್ಜುನಪ್ಪ ಪಾಲಿಶಿನ ಡಬ್ಬಿ ತೆರೆದ. ಮೇಣದಲ್ಲಿ ಅಪ್ಪನ ಎರಡು ಬೆರಳ ಗುರುತು ಗಟ್ಟಿಯಾಗಿ ಕೂತಿತ್ತು. ಅದನ್ನು ಬಿಟ್ಟು ಪಕ್ಕದಿಂದ ತೆಗೆದುಕೊಂಡ. ತೆಳ್ಳಗೆ ಸವರಿ, ಒಣಗಲು ಬಿಟ್ಟು, ಧೋತರದಲ್ಲಿ ಗುಂಡಗೆ ಗುಂಡಗೆ ಒರೆಸಿದ. ಕಪ್ಪು ಬಣ್ಣದೊಳಗಿಂದ ಬೇವಿನ ಎಲೆಗಳು ಒಂದೊಂದಾಗಿ ಮೇಲೆದ್ದು ಬಂದವು. ಹಿಂದಿನ ಎಡಬಾಗಿಲಿನ ಕೆಳಭಾಗ ಮಾತ್ರ ಎಷ್ಟು ಒರೆಸಿದರೂ ಹೊಳೆಯಲಿಲ್ಲ. ಅಲ್ಲಿ ತಾಟಿನಗಲದ ಒಂದು ಮಬ್ಬು ಕಲೆ.

*

ಅದು ಐವತ್ತೆಂಟನೆಯ ಇಸವಿಯ ಕಲೆ. ಹೊಸ ಅಂಬಾಸಡರ್ ಬಂದ ಮರುದಿನ ಯಮನಪ್ಪನಿಗೆ ಅದನ್ನು ತೊಳೆಯುವ ಕೆಲಸ ಸಿಕ್ಕಿತು. ಕಾರೆಂದರೆ ದೊಡ್ಡದೊಂದು ತಾಮ್ರದ ಹಂಡೆ ಎಂದುಕೊಂಡಳು ಯಂಕವ್ವ. ಸೋಸಿದ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಕಟ್ಟಿಕೊಟ್ಟಳು. "ಛಲೋತ್ನಂಗ ತಿಕ್ಕು. ಮುಖಾ ಕಾಣಬೇಕು."

ಯಮನಪ್ಪ ಬಾಗಿಲ ಬುಡದಿಂದಲೇ ಶುರುಮಾಡಿದ. ಛಲೋತ್ನಂಗೇ ತಿಕ್ಕಿದ. ರಾಯರು ಹೊರಬಂದು ಕೂಗುವಷ್ಟರಲ್ಲಿ ಬಣ್ಣ ಬೂದಿಯಾಗಿತ್ತು.

ರಾಯರು ಕೆಲಸ ಬಿಡಿಸಲಿಲ್ಲ. ಪಾಲಿಶಿನ ಡಬ್ಬಿ ತರಿಸಿ, ತಾವೇ ನಿಂತು ಕಲಿಸಿದರು. ಯಮನಪ್ಪ ಆ ಉಪಕಾರವನ್ನು ಎಂಟು ವರ್ಷ ಹೊತ್ತ. ಒಳಗಿನ ಸೀಟು ಝಾಡಿಸುವುದು ಡ್ರೈವರನ ಕೆಲಸ; ಅವನದು ಬಾಗಿಲಿಗೆ ಮುಗಿಯುತ್ತಿತ್ತು.

"ಒಳಗ ಕುಂತರ ಹ್ಯಾಂಗ ಅನಸತೈತಿ?" ಎಂದು ಒಮ್ಮೆ ಕೇಳಿದ್ದಳು ಯಂಕವ್ವ.

"ನಾ ದಿನಾ ಕುಂದರತೇನಲ್ಲ. ಗಾಜು ಒರಸಿ ಎರಡು ಹೆಜ್ಜಿ ಹಿಂದ ಸರದು ಕುಕ್ಕರಗಾಲಿಲೆ ಕುಂತರ, ಗಾಜಿನ್ಯಾಗ ನನ್ನ ಮಾರಿ ಮೂಡತೈತಿ, ಒಳಗ ನಾನ! ಹಿಂದಿನ ಸೀಟಿನ್ಯಾಗ! ಪೆಟ್ರೋಲೂ ಬ್ಯಾಡ, ಡ್ರೈವರನೂ ಬ್ಯಾಡ."

ಅರ್ಜುನಪ್ಪ ಓದುವುದನ್ನು ಬಿಟ್ಟು ನಕ್ಕಿದ್ದ. ಅವ್ವ ನಕ್ಕಿರಲಿಲ್ಲ.

*

ಒರೆಸುವುದು ಮುಗಿಯುವ ಹೊತ್ತಿಗೆ ಒಳಗಿಂದ ರಾಯರ ತಾಯಿ ತಾರಾಬಾಯಿಯ ದನಿ ಕೇಳಿಸಿತು. ಅದೇನು ಸಿಟ್ಟಿನದಲ್ಲ, ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳುವಂಥ ದನಿ.

"ಹೆಣಾ ಕೂತ ಗಾಡ್ಯಾಗ ನಾ ನಾಳೆ ಮಠಕ್ಕ ಹ್ಯಾಂಗ ಹೋಗಲೋ ರಮಾ? ಅದರಾಗ ಅವರ ಪೈಕಿ ಹೆಣ. ಬೇಕಾದ್ರ ಗಾಡಿ ಮಾರಿ ಹೊಸಾದು ತೊಗೋ. ನಾ ಏನ ಬ್ಯಾಡನಂಗಿಲ್ಲ."

ರಾಯರು ಹೊರಬಂದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಅವರ ಮುಖ ಬಾನೆಟ್ಟಿನಲ್ಲಿ ಸ್ವಚ್ಛವಾಗಿ ಕಂಡಿತು. ಅವರು ಅಲ್ಲಿಂದ ಕಣ್ಣು ತೆಗೆದರು.

"ಭಾಳ ಛಂದ ತೊಳದೀಯಪಾ. ನಿಮ್ಮಪ್ಪನಂಗನ." ಕೆಮ್ಮಿದರು. "ನಾ ಗಾಡಿ ತೊಗೊಂಡು ಬಂದ ಬರ್ತೇನಿ. ದಾರ್ಯಾಗ ನಿಂತು ಕೈ ಮುಗಿತೇನಿ. ಕೂಡ್ರಸೂದು ಮಾತ್ರ... ಅವ್ವಗ ವಯಸ್ಸಾಗೇದ. ನೀ ಓದಿದಾಂವ. ತಿಳಕೊ."

ಅರ್ಜುನಪ್ಪನ ಎರಡೂ ಕೈಯಲ್ಲಿ ಒಂದೊಂದು ತುಂಡು ಇತ್ತು. ಒದ್ದೆ ಹಿಂಡಿ, ಡಬ್ಬದಲ್ಲಿ ಬೇರೆ ಬೇರೆಯಾಗಿ ಇಟ್ಟ.

ಕೇರಿಗೆ ಮರಳುವಾಗ ಹುಚ್ಚಪ್ಪ ಇಡೀ ದಾರಿ ಯಾರ ದನಿಯನ್ನೂ ಮಾಡಲಿಲ್ಲ. ಕೇರಿಯ ಹತ್ತಿರ ಬಂದಾಗ ತನ್ನದೇ ದನಿಯಲ್ಲಿ ಕೇಳಿದ:

"ನಿಮ್ಮವ್ವಗ ಏನಂತ ಹೇಳ್ತಿ?"

"ಗಾಡಿ ಬರತೈತಿ ಅಂತೇನಿ."

"ಉಳದದ್ದು?"

ಅರ್ಜುನಪ್ಪ ಹೆಜ್ಜೆ ಚುರುಕು ಮಾಡಿದ.

*

ಮೂರರ ಹೊತ್ತಿಗೆ ಹೆಣ ಎದ್ದಿತು. ಬಿದಿರಿನ ಕುರ್ಚಿಯಲ್ಲಿ ಯಮನಪ್ಪ ರುಮಾಲು ಸುತ್ತಿಕೊಂಡು, ಚೆಂಡುಹೂವಿನ ನಡುವೆ ನೆಟ್ಟಗೆ ಕೂತಿದ್ದ. ಹಲಗೆ ಬಡಿಯುವವರು ಮುಂದೆ, ಹೆಂಗಸರು ಹಿಂದೆ. ಅರ್ಜುನಪ್ಪ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ.

ಕೇರಿಯ ರಸ್ತೆ ದೊಡ್ಡ ರಸ್ತೆಗೆ ಕೂಡುವಲ್ಲಿ ಕಾರು ನಿಂತಿತ್ತು. ಕಪ್ಪಗೆ, ಆಗಷ್ಟೇ ಮಿಂದವರ ಹಾಗೆ. ರಾಯರು ಅದರ ಆಚೆ ಬದಿಗೆ ಮಾಲೆ ಹಿಡಿದು ನಿಂತಿದ್ದರು.

ಯಂಕವ್ವ ಹೆಂಗಸರ ಗುಂಪು ಬಿಟ್ಟು ಮುಂದೆ ಬಂದಳು.

"ಬಾಗಲಾ ತಗೀರಿ, ರಾಯರ."

ಹಲಗೆ ನಿಂತಿತು. ರಾಯರು ಅರ್ಜುನಪ್ಪನ ಕಡೆ ನೋಡಿದರು. ಅವನು ನೆಲ ನೋಡಿದ.

"ಯಂಕವ್ವಾ... ಅದು ಏನಾಗೇದಂದ್ರ..." ಮಾಲೆಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು.

ಎಲ್ಲರೂ ಅವಳು ಬೈಯುತ್ತಾಳೆಂದು ಕಾದರು. ಅವಳು ಬೈಯಲಿಲ್ಲ. ಮುಚ್ಚಿದ ಹಿಂದಿನ ಬಾಗಿಲನ್ನೇ ನೋಡಿದಳು. ಆಮೇಲೆ ಮಗನ ಕೈ ನೋಡಿದಳು. ಉಗುರುಸಂದಿಯಲ್ಲಿ ಪಾಲಿಶ್ ಇತ್ತು.

ಹೆಣವನ್ನು ದಾರಿಯಲ್ಲಿ ಒಮ್ಮೆ ಇಳಿಸಿ ಹೆಗಲು ಬದಲಿಸುವುದು ಪದ್ಧತಿ. ಅದು ಮುಂದೆ, ಹುಣಸೆಮರದ ಹತ್ತಿರ ಆಗಬೇಕಿತ್ತು.

"ಇಲ್ಲೇ ಇಳಸ್ರಿ," ಎಂದಳು ಯಂಕವ್ವ.

"ಯವ್ವಾ, ಮರದ ಹತ್ರ..." ಎಂದ ಅರ್ಜುನಪ್ಪ.

"ಇಲ್ಲೇ."

ಇಳಿಸಿದರು. ಅವಳು ಕಾರಿನ ಕಡೆ ನೋಡಿ, ಗಂಡನ ಕಡೆ ನೋಡಿ, ಮಗನ ತೋಳು ಹಿಡಿದಳು.

"ಮಾರಿ ಈ ಕಡೆ ಮಾಡ್ರಿ. ಸ್ವಲ್ಪ ಹಿಂದ ಸರಸ್ರಿ. ಇನ್ನೊಂದೀಟು... ಹಾಂ."

ಆಚೆ ರಾಯರು ಏನೂ ತಿಳಿಯದೆ ನಿಂತಿದ್ದರು. ಈಚೆಯವರೆಲ್ಲ ಒಬ್ಬೊಬ್ಬರಾಗಿ ಗಾಜಿನ ಕಡೆ ನೋಡಿದರು. ಹುಚ್ಚಪ್ಪ ಬಾಯಿಗೆ ಹೆಗಲ ವಸ್ತ್ರ ಒತ್ತಿಕೊಂಡ. ಒರೆಸಿದ ಗಾಜಿನೊಳಗೆ, ಹಿಂದಿನ ಸೀಟಿನಲ್ಲಿ, ಯಮನಪ್ಪ ನೆಟ್ಟಗೆ ಕೂತಿದ್ದ. ರುಮಾಲು, ಹೂವು, ಮಡಿಲಲ್ಲಿಟ್ಟ ಕೈ ಎಲ್ಲ ಕಾಣುತ್ತಿದ್ದವು. ಪಾದಗಳು ಮಾತ್ರ ಕಾಣಲಿಲ್ಲ. ಅವು ಬರಬೇಕಾದ ಕಡೆ, ಬಾಗಿಲ ಬುಡದಲ್ಲಿ, ಬೂದಿ ತಿಕ್ಕಿದ ಕಲೆ ಇತ್ತು.